ಗೋಡೆ ಕಡೆ ಮಲಗಿದ್ದವಳು

ಬೇಸಿಗೆ ಆಗಷ್ಟೇ ಬಲಿಯುತ್ತಿತ್ತು. ಭಾನುವಾರ ಸಂಜೆ ಆರರ ಹೊತ್ತು. ಬಿಸಿಲು ಕಿಟಕಿ ಬಿಟ್ಟು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತಿತ್ತು. ಮಗ ಊಟದ ಮೇಜಿನ ಮೇಲೆ ದೊಡ್ಡ ಹಾಳೆಯೊಂದನ್ನು ಹರಡಿ, ಅದು ಸುರುಳಿ ಸುತ್ತದ ಹಾಗೆ ಮೂಲೆಗೊಂದು ಲೋಟ ಇಟ್ಟು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಕೂತಿದ್ದ. ಅವನದು ಲಿಫ್ಟು ರಿಪೇರಿ ಕೆಲಸ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದು ಮೊದಲೇ ಗೊತ್ತಾಗದಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಹೊರಡುವುದು ಬುಧವಾರ, ಅವನ ಅಕ್ಕನ ಮನೆಗೆ. ಕಾರಿನಲ್ಲಿ ಮೂರು ದಿನದ ದಾರಿ, ನಡುವೆ ಎರಡು ರಾತ್ರಿ. ಅಜ್ಜಿ ತನ್ನ ಆ ದೊಡ್ಡ ಮಗಳ ಮುಖ ನೋಡಿ ನಾಲ್ಕು ವರ್ಷವಾಗಿತ್ತು. ನಾಲ್ಕು ವರ್ಷದಿಂದ ಯಾವಾಗ ಯಾವಾಗ ಅಂತ ಕೇಳುತ್ತಿದ್ದವಳು, ಈಗ ಬಟಾಣಿ ಸುಲಿಯುತ್ತಾ, ತಲೆ ಎತ್ತದೆ, ದಾರಿಯಲ್ಲಿ ಉಳಿಯುವುದೇ ಬೇಡ, ಒಂದೇ ಉಸಿರಿಗೆ ಹೋಗಿಬಿಡೋಣ ಅಂದಳು. ಮಗ ನಕ್ಕ. ನಾನೇನು ಮನುಷ್ಯನೋ ಇಂಜಿನ್ನೋ ಅಂತ ಕೇಳಿದ. ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾರ ಜೊತೆ ಮಾತಾಡಿದರೂ ಎರಡು ಕಣ್ಣಿನ ನಡುವೆ ನೋಡುವುದು ಅವಳಿಗೆ ಅಭ್ಯಾಸ. ಅತ್ತೆಯನ್ನು ಹಾಗೆ ನೋಡಿ, ಹೋಟೆಲಿನಲ್ಲೇ ಜೀವ ಸವೆಸಿದವರು ನೀವು, ಯಾವ ತರಹದ ಕಡೆ ಉಳಿಯಬೇಕು ಅಂತ ನೀವೇ ಹೇಳಿ ಅಂದಳು.

ಅದೂ ನಿಜವೇ. ಇಪ್ಪತ್ತಾರು ವರ್ಷ ಅಜ್ಜಿ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿದ್ದಳು. ಅಲ್ಲಿ ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಎಲ್ಲರಿಗೂ ಚಾದರದಕ್ಕ. ಅವಳು, ನನಗೊಂದು ಬೇರೆ ರೂಮು ತೆಗೆದುಬಿಡು ಅಂದಳು.

“ಚಾದರ ಒಗೆದೂ ಒಗೆದೂ, ಈಗ ಮಹಾರಾಣಿ ಹಾಗೆ ಅದರ ಮೇಲೆ ಒಬ್ಬಳೇ ಉರುಳಾಡಬೇಕಾ ನಿನಗೆ?” ಅಂದ ಮಗ. ತಮಾಷೆಗೇ ಅಂದದ್ದು. ಪೆನ್ಸಿಲು ತೆಗೆದು ಎರಡು ರೂಮು ಅಂತ ಬರೆದೂ ಬರೆದ.

ಅಷ್ಟರಲ್ಲಿ ಮೇಜಿನ ಕೆಳಗಿಂದ ಮೊಮ್ಮಗಳು ತಲೆ ಹೊರಹಾಕಿ, ಅಜ್ಜಿ ರೂಮಿನಲ್ಲಿ ನಾನು, ಅಂದಳು. ಏಳು ವರ್ಷದ ಹುಡುಗಿ. ಹುಟ್ಟುವಾಗ ಅಂಗೈಯಲ್ಲಿ ಹಿಡಿಸುವಷ್ಟಿದ್ದಳು ಅಂತ ಅಜ್ಜಿ ಇಟ್ಟ ಹೆಸರು ಇಲಿಮರಿ, ಅದೇ ಉಳಿದುಹೋಗಿತ್ತು. ಬೇಡ ಅನ್ನಲು ಅಜ್ಜಿಗೆ ಕಾರಣ ಬೇಕಿತ್ತು. ಕಾರಣ ಇತ್ತು, ಬಾಯಿಬಿಟ್ಟು ಹೇಳುವಂಥದ್ದಲ್ಲ. ಮಗ ಹಾಳೆಯ ಮೇಲೆ ಎರಡನೇ ರೂಮಿನ ಪಕ್ಕ ಒಂದು ಇಲಿಯ ಚಿತ್ರ ಬರೆದು, ಆಯಿತು, ಪಕ್ಕಾ ಅಂದ.

ಕಾರಣ ಇದು. ಹಿಂದಿನ ಚಳಿಗಾಲದಿಂದ ತಿಂಗಳಿಗೆ ಎರಡೋ ಮೂರೋ ಸಲ ಅಜ್ಜಿಗೆ ನಿದ್ದೆಯಲ್ಲೇ ಹಾಸಿಗೆ ಒದ್ದೆಯಾಗುತ್ತಿತ್ತು. ಮನೆಯಲ್ಲಿ ಅವಳಿಗೆ ಹಿಂಬದಿಯ ಸಣ್ಣ ಕೋಣೆ, ಅದರ ಬಾಗಿಲಿಗೇ ನಲ್ಲಿ. ಚಾದರದ ಕೆಳಗೆ ರಬ್ಬರು ಹಾಳೆ ಹಾಕಿಕೊಂಡಿದ್ದಳು. ಯಾರೂ ಏಳುವ ಮುಂಚೆ ಎಲ್ಲವನ್ನೂ ಒಗೆದು ಹಿಂಡಿ ಹರವಿಬಿಡುತ್ತಿದ್ದಳು. ಕೆಲಸ ಬಿಟ್ಟರೂ ಅತ್ತೆಗೆ ಒಗೆಯುವ ಚಟ ಬಿಡಲಿಲ್ಲ ಅಂತ ಸೊಸೆ ಅಕ್ಕಪಕ್ಕದವರ ಹತ್ತಿರ ಹೇಳಿ ನಗುವಾಗ ಅಜ್ಜಿಯೂ ಸೇರಿ ನಗುತ್ತಿದ್ದಳು. ಡಾಕ್ಟರ ಹತ್ತಿರ ಹೋಗಲು ಯಾರಾದರೂ ಕರೆದುಕೊಂಡು ಹೋಗಬೇಕು, ಕರೆದುಕೊಂಡು ಹೋಗುವವರಿಗೆ ಏನಂತ ಹೇಳುವುದು?

ಮಂಗಳವಾರ ಚೀಲ ತುಂಬುವಾಗ ರಬ್ಬರು ಹಾಳೆಯನ್ನು ಮಡಿಸಿ ತಳದಲ್ಲಿ ಇಟ್ಟಳು. ಆಮೇಲೆ ಇಲಿಮರಿ ನೋಡಿ, ಇದೇನಜ್ಜಿ ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿದರೆ ಅಂತ ಹೆದರಿ ತೆಗೆದಿಟ್ಟಳು. ಮತ್ತೆ ಇಟ್ಟಳು, ಮತ್ತೆ ತೆಗೆದಳು. ಕೊನೆಗೆ ಮಧ್ಯಾಹ್ನದ ಮೇಲೆ ಒಂದು ಗುಟುಕೂ ನೀರು ಕುಡಿಯದಿದ್ದರೆ ಏನೂ ಆಗುವುದಿಲ್ಲ ಅಂತ ತನಗೆ ತಾನೇ ಹೇಳಿಕೊಂಡು ಹಾಳೆಯನ್ನು ಮನೆಯಲ್ಲೇ ಬಿಟ್ಟಳು.

ಬುಧವಾರದ ಹೋಟೆಲು ಹೆದ್ದಾರಿಗೆ ಅಂಟಿಕೊಂಡಿತ್ತು. ಮೊದಲನೇ ಮಹಡಿಯಲ್ಲಿ ಎದುರುಬದುರು ಎರಡು ರೂಮು. ಹಾಸಿಗೆಯ ಮೇಲೆ ಬಿಳಿ ಚಾದರ. ಮೂಲೆಗಳನ್ನು ಸರಿಯಾಗಿ ಮಡಿಸಿ ಸಿಕ್ಕಿಸಿದ್ದು ನೋಡಿ ಕೆಲಸ ಬಲ್ಲವಳು ಇದ್ದಾಳೆ ಅಂದುಕೊಂಡಳು ಅಜ್ಜಿ. ಇಲಿಮರಿಯನ್ನು ಗೋಡೆ ಕಡೆ ಮಲಗಿಸಿ ತಾನು ಅಂಚಿಗೆ ಮಲಗಿದಳು. ಕಣ್ಣು ಮುಚ್ಚಬಾರದು ಅಂತ ಹಟ ಹಿಡಿದಿದ್ದಳು. ಎರಡು ಸಲ ಎದ್ದು ಹೋಗಿ ಬಂದಳು. ಆದರೆ ದಿನವಿಡೀ ಕಾರಿನಲ್ಲಿ ಕೂತು ಮೈ ನುಗ್ಗಾಗಿತ್ತು. ಬೆಳಕು ಹರಿಯುವ ಮುಂಚೆ ಎಲ್ಲೋ ಜೋಂಪು ಹತ್ತಿತು.

ಎಚ್ಚರವಾದಾಗ ಪರದೆಯ ಸಂದಿಯಲ್ಲಿ ಬೆಳಕಿತ್ತು. ಕೈ ಇಟ್ಟು ನೋಡುವ ಅಗತ್ಯವೇ ಇರಲಿಲ್ಲ.

ಸದ್ದಾಗದ ಹಾಗೆ ಎದ್ದು ಸ್ನಾನದ ಕೋಣೆಗೆ ಹೋಗಿ, ಉಟ್ಟಿದ್ದನ್ನು ತೊಳೆದು, ಬೇರೆ ಉಟ್ಟು, ಒದ್ದೆ ಬಟ್ಟೆಯನ್ನು ಕವರಿಗೆ ತುರುಕಿದಳು. ಮಗುವನ್ನು ಮೆಲ್ಲನೆ ಕುರ್ಚಿಗೆ ಎತ್ತಿ ಚಾದರ ಎಳೆದುಬಿಟ್ಟರೆ ಉಳಿದದ್ದು ತನ್ನ ಕಸುಬೇ ಅಂದುಕೊಂಡು ಹೊರಗೆ ಬಂದರೆ, ಇಲಿಮರಿ ನಿದ್ದೆಯಲ್ಲೇ ಉರುಳಿ ಆ ಒದ್ದೆಯ ನಟ್ಟನಡುವೆ ಬಂದು ಮಲಗಿದ್ದಳು. ಲಂಗವೆಲ್ಲ ನೆನೆದಿತ್ತು. ಅದೇ ಹೊತ್ತಿಗೆ ಬಾಗಿಲು ತಟ್ಟಿ ಸೊಸೆ ಚಹಾದ ಲೋಟ ಹಿಡಿದುಕೊಂಡು ಒಳಗೆ ಬಂದಳು.

ನೋಡಿದವಳಿಗೆ ಕಂಡದ್ದು ಕಂಡ ಹಾಗೆ. ಏಳು ವರ್ಷವಾಯಿತು, ಇಷ್ಟು ದಿನ ಇಲ್ಲದ್ದು ಈಗೇನು, ಅದೂ ಪರರ ಹಾಸಿಗೆಯಲ್ಲಿ ಅಂತ ಗೊಣಗುತ್ತಾ ಮಗಳನ್ನು ಎಬ್ಬಿಸಿದಳು. ಮಗು ಎದ್ದು ಕೂತು, ಲಂಗ ಮುಟ್ಟಿ ನೋಡಿಕೊಂಡು, ಅಮ್ಮನ ಮುಖ ಬಿಟ್ಟು ಅಜ್ಜಿಯ ಮುಖ ನೋಡಿತು.

“ಅಜ್ಜಿ, ನಾನು ಮಾಡಿದ್ನಾ?”

ಹೇಳಲು ಬೇಕಾದಷ್ಟು ಹೊತ್ತಿತ್ತು. ಸೊಸೆ ಲೋಟ ಇಡಲು ಜಾಗ ಹುಡುಕುತ್ತಿದ್ದಳು. ಅಜ್ಜಿ ಬಾಯಿ ತೆರೆದಳು. ಹೊರಗೆ ಬಂದದ್ದು ಇಷ್ಟೇ: “ಆಗುತ್ತೆ ಮಗಾ. ಪ್ರಯಾಣದ ಆಯಾಸ.”

ಆ ಮಾತಿನಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ, ಅದೇ ಅವಳನ್ನು ಆಮೇಲೆ ಹೆಚ್ಚು ತಿಂದದ್ದು.

ಎಲ್ಲರೂ ತಿಂಡಿಗೆ ಕೆಳಗೆ ಇಳಿದ ಮೇಲೆ ಅಜ್ಜಿ ಚೀಲದ ನೆಪ ಹೇಳಿ ರೂಮಿನಲ್ಲೇ ಉಳಿದಳು. ರೂಮು ಗುಡಿಸುವ ಹೆಂಗಸು ಗಾಡಿ ತಳ್ಳಿಕೊಂಡು ಬಂದಳು. ನಲವತ್ತರ ಆಸುಪಾಸು, ಮುಂಗೈಯಲ್ಲಿ ಸೋಪಿನ ಬಿರುಕು. ಹೊದಿಕೆ ಸರಿಸಿ ಹಾಸಿಗೆಯನ್ನು ನೋಡಿದಳು, ಹಾಗೇ ಒಂದು ಗಳಿಗೆ ನಿಂತಳು.

ಅಜ್ಜಿಗೆ ಅಕ್ಷರ ಬರುತ್ತಿದ್ದದ್ದು ಹೆಸರು ಬರೆಯುವಷ್ಟು. ಚಾದರ ಓದಲು ಮಾತ್ರ ಚೆನ್ನಾಗಿ ಬರುತ್ತಿತ್ತು. ಮಗುವಿನ ಕಲೆ ತಟ್ಟೆಯಷ್ಟಗಲ, ಹಾಸಿಗೆಯ ಮೇಲ್ಭಾಗಕ್ಕೆ. ದೊಡ್ಡವರದು ಕೆಳಗೆ, ಅಗಲಕ್ಕೆ ಹರಡಿದ್ದು, ಅಂಚಿನಲ್ಲಿ ಬಣ್ಣ ಬೇರೆ. ನೆಲಮಾಳಿಗೆಯಲ್ಲಿ ಅವರೆಲ್ಲ ಚಾದರ ಬಿಡಿಸಿ ಇದು ಯಾವ ರೂಮು, ಎಂಥ ಜನ ಅಂತ ಹೇಳುತ್ತಾ ನಗುತ್ತಿದ್ದರು. ಒಮ್ಮೆ ಒಬ್ಬ ಮುದುಕರು ತಮ್ಮ ಚಾದರವನ್ನು ತಾವೇ ಸುತ್ತಿಕೊಂಡು ಅಷ್ಟೂ ಮೆಟ್ಟಿಲು ಇಳಿದು ಬಂದು, ಚಹಾ ಚೆಲ್ಲಿತು ಅಂದಿದ್ದರು. ಅವರು ಬೆನ್ನು ತಿರುಗಿಸಿದ ಕೂಡಲೇ, ಸಕ್ಕರೆ ಕಮ್ಮಿ ಹಾಕಿದ್ದರೇನೋ ಅಂತ ಅಂದವಳು ಚಾದರದಕ್ಕನೇ. ಅವರು ಇನ್ನೂ ಬಾಗಿಲು ದಾಟಿರಲಿಲ್ಲ. ಕಿವಿ ಕೆಂಪಾಗಿದ್ದು ಹಿಂದಿನಿಂದ ಕಂಡಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಮಗು ಗೋಡೆ ಕಡೆ ತಾನೇ ಮಲಗಿದ್ದು?” ಅಂತ ಕೇಳಿದಳು ಗುಡಿಸುವವಳು. ಗೋಡೆ ಕಡೆಯ ದಿಂಬಿನ ಮೇಲೆ ಇಲಿಮರಿಯ ಕೂದಲಿನ ಪಿನ್ನು ಬಿದ್ದಿತ್ತು.

ಅಜ್ಜಿ ಹೌದು ಅಂತ ತಲೆಯಾಡಿಸಿದಳು.

ಆ ಹೆಂಗಸು ಚಾದರವನ್ನು ಒದ್ದೆ ಒಳಗೆ ಹೋಗುವ ಹಾಗೆ ಮಡಿಸಿ ಗಾಡಿಯ ಚೀಲಕ್ಕೆ ಹಾಕಿದಳು. “ನನಗೇನಮ್ಮಾ. ಒಗೆಯೋ ಮಿಷನ್ನಿಗೆ ಯಾರದು ಅಂತ ಹೆಸರು ಬೇಡ.” ಆಮೇಲೆ ದಿಂಬಿನ ಚೀಲ ಕಳಚುತ್ತಾ, ಇವಳ ಕಡೆ ನೋಡದೆ ಅಂದಳು: “ಆದ್ರೆ ಆ ಹುಡುಗಿ ಮೆಟ್ಟಿಲ ಹತ್ರ ನನ್ನ ಸೆರಗು ಹಿಡ್ಕೊಂಡು, ಆಂಟಿ ಯಾರಿಗೂ ಹೇಳಬೇಡಿ ಅಂತು.”

ಅಜ್ಜಿ ಪಿನ್ನು ಎತ್ತಿಕೊಂಡು ಕೆಳಗೆ ಇಳಿದಳು. ಕೆಳಗೆ ಕೌಂಟರಿನಲ್ಲಿ ಮಗ, ಸಾರ್ ಮಗು ಸ್ವಲ್ಪ ಹೀಗೆ ಮಾಡಿಬಿಟ್ಟಿದೆ ಅಂತ ಕ್ಷಮೆ ಕೇಳುತ್ತಿದ್ದ. ಮಗು ಅವನ ಪಕ್ಕದಲ್ಲೇ ನಿಂತು ತನ್ನ ಚಪ್ಪಲಿ ನೋಡುತ್ತಿತ್ತು. ಅಲ್ಲಿಯೂ ಹೇಳಬಹುದಿತ್ತು. ಕಾರಿಗೆ ಹತ್ತಿದ ಮೇಲೆ ಹೇಳಿದರಾಯಿತು, ಕೌಂಟರಿನವನ ಎದುರು ಯಾಕೆ ಅಂತ ಮುಂದಕ್ಕೆ ಹಾಕಿದಳು. ಕಾರು ಹತ್ತಿದ ಮೇಲೆ, ಇವತ್ತಿನ ಹೋಟೆಲಿಗೆ ಮುಂಚೆ ಇಲಿಮರಿಗೊಂದು ರಬ್ಬರು ಹಾಳೆ ತಗೊಳ್ಳೋಣ, ದೋಣಿ ಹಾಗೆ ತೇಲಲಿ ಅಂತ ಮಗ ತಮಾಷೆ ಮಾಡಿದ. ಅಜ್ಜಿ ಒದ್ದೆ ಬಟ್ಟೆಯ ಕವರನ್ನು ಕಾಲಿನಿಂದ ಸೀಟಿನ ಕೆಳಗೆ ಇನ್ನಷ್ಟು ತಳ್ಳಿದಳು.

ಅವತ್ತು ಗುರುವಾರ, ಬಿಸಿಲು ಕಾರಿನ ತಗಡನ್ನು ಸುಡುತ್ತಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರೇ, ಅಜ್ಜಿ ಮತ್ತು ಮೊಮ್ಮಗಳು. ಸೊಸೆ ಮುಂದಿನಿಂದ ನೀರಿನ ಬಾಟಲಿ ಚಾಚಿದಾಗ ಇಲಿಮರಿ ಬೇಡ ಅಂದಳು. ಇನ್ನೊಮ್ಮೆ ಕೊಟ್ಟಾಗಲೂ ಬೇಡ ಅಂದಳು. ಬಾಟಲಿ ಅಜ್ಜಿಯ ಕಡೆ ತಿರುಗಿತು. ಅವಳೂ ಬೇಡ ಅಂದಳು. ಅಜ್ಜಿ ಮೊಮ್ಮಗಳು ಇಬ್ಬರೂ ಒಂಟೆಗಳಾ ಅಂತ ಸೊಸೆ ನಕ್ಕಳು. ಸಾಮಾನ್ಯವಾಗಿ ದಾರಿಯುದ್ದಕ್ಕೂ ಲಾರಿಗಳ ಬಣ್ಣ ಎಣಿಸುವ ಹುಡುಗಿ ಅವತ್ತು ಕಿಟಕಿಗೆ ಹಣೆ ಒತ್ತಿ ಕೂತಿತ್ತು. ತುಟಿ ಒಣಗಿ ಸಿಪ್ಪೆ ಎದ್ದದ್ದು ಅಜ್ಜಿಗೆ ಪಕ್ಕದಿಂದ ಕಾಣುತ್ತಿತ್ತು. ತನ್ನ ಲೆಕ್ಕಾಚಾರವನ್ನೇ ಮಗುವೂ ಹಾಕಿಕೊಂಡಿದೆ ಅಂತ ಅವಳಿಗೆ ಹನ್ನೊಂದು ಗಂಟೆಗೇ ತಿಳಿದಿತ್ತು. ತಿಳಿದೂ ಮಧ್ಯಾಹ್ನ ಒಂದು ಗಂಟೆಯವರೆಗೆ ಸುಮ್ಮನೆ ಕೂತಳು. ಇದನ್ನು ಮರೆಮಾಚಿ ಹೇಳಿದರೆ ಪ್ರಯೋಜನವಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಇಳಿದರು. ಇಲಿಮರಿ ನಾಲ್ಕು ಹೆಜ್ಜೆ ಇಟ್ಟು, ಕಾರಿನ ಬಾಗಿಲು ಹಿಡಿಯಲು ಹೋಗಿ, ಹಿಡಿತ ತಪ್ಪಿ, ಕೂತ ಹಾಗೆ ಕುಸಿದಳು. ಸೊಸೆ ಓಡಿ ಬಂದು ನೆರಳಿಗೆ ಎಳೆದುಕೊಂಡು ಮುಖಕ್ಕೆ ನೀರು ಹಾಕಿದಳು. ಬಾಟಲಿಯನ್ನು ಬಾಯಿಗೆ ಇಟ್ಟರೆ ಮಗು ಹಲ್ಲು ಕಚ್ಚಿಕೊಂಡು ಮುಖ ತಿರುಗಿಸಿತು.

“ಕುಡಿದ್ರೆ ಮತ್ತೆ ಆಗುತ್ತೆ.”

“ಅವಳಲ್ಲ, ನಾನು,” ಅಂದಳು ಅಜ್ಜಿ.

ಮಗನಿಗೆ ಅರ್ಥವಾಗಲಿಲ್ಲ. ಏನು ನೀನು, ನಿನಗೂ ತಲೆ ಸುತ್ತುತ್ತಾ ಅಂತ ಕೇಳಿದ.

“ಹಾಸಿಗೆ ಒದ್ದೆ ಮಾಡಿದ್ದು ನಾನು. ಮಗು ಉರುಳಿ ಬಂತು ಅಷ್ಟೇ. ಇದು ಮೊದಲ ಸಲ ಅಲ್ಲ, ಚಳಿಗಾಲದಿಂದ ಆಗ್ತಿದೆ.”

ಪೆಟ್ರೋಲ್ ಹಾಕುವವನು ಕೇಳಿಸಿಕೊಂಡಿದ್ದ. ಮೀಟರಿನ ಕಡೆ ತಿರುಗಿ ಅದನ್ನೇ ನೋಡುತ್ತಾ ನಿಂತ. ಮಗನ ಕೈಯಲ್ಲಿ ಕಾರಿನ ಕೀ ಇತ್ತು, ಅದನ್ನು ಈ ಕೈಯಿಂದ ಆ ಕೈಗೆ ದಾಟಿಸಿಕೊಂಡ. ಸೊಸೆ ಅತ್ತೆಯ ಎರಡು ಕಣ್ಣಿನ ನಡುವೆ ನೋಡಿದಳು. ಅವಳ ದನಿ ಏರಲಿಲ್ಲ.

“ಬೆಳಿಗ್ಗೆ ಒಂದು ಮಾತು ಹೇಳಿದ್ರೆ ನಾನೇ ಒಗೆದು ಹಾಕ್ತಿದ್ದೆ ಅತ್ತೆ. ಅದಕ್ಕೇನು ನಾನು ಅಸಹ್ಯ ಪಡ್ತಿದ್ನಾ? ಬೆಳಿಗ್ಗೆಯಿಂದ ಇವಳನ್ನ ಒಣಗಿಸಿದ್ರಲ್ಲ.”

ಇನ್ನೊಂದು ಮಾತು ಬರುವುದಿತ್ತು. ಮಗು ಅಮ್ಮನ ತೋಳಿನೊಳಗಿಂದ, ಕೋಪವಿಲ್ಲದೆ, ನಿಜವಾಗಿ ತಿಳಿದುಕೊಳ್ಳಲು ಕೇಳಿತು:

“ಮತ್ತೆ ಆಯಾಸ ಅಂದ್ಯಲ್ಲ ಅಜ್ಜಿ?”

ಭೂಮಿ ಬಾಯಿಬಿಡಲಿ ಅಂತ ಜನ ಸುಮ್ಮನೆ ಅನ್ನುತ್ತಾರೆ. ಅಲ್ಲಿ ಕಾಂಕ್ರೀಟು ಹಾಕಿದ್ದರು, ಎಣ್ಣೆಯ ಕಲೆ ಬಿದ್ದಿತ್ತು. ಅಜ್ಜಿ ಅದನ್ನೇ ನೋಡುತ್ತಾ ನಿಂತಳು. ನೀನಲ್ಲ ಮಗಾ, ನೀನೇನೂ ಮಾಡಿಲ್ಲ ಅಂತ ಎರಡು ಸಲ ಹೇಳಿದಳು. ಮಗು ನೀರು ಕುಡಿಯಿತು, ಅಮ್ಮ ಹಿಡಿದ ಬಾಟಲಿಯಿಂದ.

ಅವತ್ತಿನ ಹೋಟೆಲಿನಲ್ಲಿ ಮಗ ಕೆಳಗಿನ ಮಹಡಿಯಲ್ಲೇ ರೂಮು ಕೇಳಿ ಪಡೆದ. ಅವ್ವನಿಗೆ ಒಬ್ಬಳಿಗೇ ಒಂದು. ದಾರಿಯಲ್ಲಿ ಎಲ್ಲೋ ಒಬ್ಬನೇ ಇಳಿದು ಹೋಗಿ ಪೇಪರಿನಲ್ಲಿ ಸುತ್ತಿದ ರಬ್ಬರು ಹಾಳೆ ತಂದಿದ್ದ. ಅದನ್ನು ಅವಳ ಹಾಸಿಗೆಯ ಮೇಲಿಟ್ಟು, ಫ್ಯಾನು ಸರಿಯಾಗಿ ತಿರುಗುತ್ತಾ ಅಂತ ಕೇಳಿ, ಉತ್ತರಕ್ಕೆ ಕಾಯದೆ ಹೋದ. ತಮಾಷೆ ಒಂದೂ ಮಾಡಲಿಲ್ಲ. ಅವನು ಮಹಾರಾಣಿ ಅಂತ ಆಡಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅಜ್ಜಿಗೆ. ಆ ರಾತ್ರಿ ಹಾಸಿಗೆ ಒಣಗಿಯೇ ಇತ್ತು.

ಶುಕ್ರವಾರ ಮಧ್ಯಾಹ್ನ ಮಗಳ ಮನೆ ಮುಟ್ಟಿದರು. ಮಗಳು ಅವ್ವನನ್ನು ತಬ್ಬಿಕೊಂಡು ಅತ್ತಳು, ಒಂದೇ ಸಮ ಮಾತಾಡಿದಳು. ಸೊಸೆ ನಾದಿನಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿ ಏನೋ ಹೇಳಿದ್ದು ಅಜ್ಜಿಗೆ ಗೊತ್ತಾಯಿತು. ಸಂಜೆಯ ಹೊತ್ತಿಗೆ ಆ ಊರಿನ ಡಾಕ್ಟರಮ್ಮನ ಹೆಸರು, ಬುಧವಾರ ಹತ್ತು ಗಂಟೆ ಅನ್ನುವುದು, ಎರಡೂ ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಸೊಸೆ ಅದರ ಬಗ್ಗೆ ಹೇಳಿದ್ದು ಇಷ್ಟೇ: ಇದು ಬಹಳ ಜನಕ್ಕೆ ಇರುವಂಥದ್ದು, ಔಷಧಿ ಇದೆಯಂತೆ, ಹೋಗಿ ಬನ್ನಿ. ಹೇಳಿದ್ದು ಒಳ್ಳೆಯ ಮಾತೇ. ಮುಖ ಮಾತ್ರ ಸಡಿಲವಾಗಿರಲಿಲ್ಲ.

ಸೋಮವಾರ ಸಂಜೆ ಮಗ ಮತ್ತೆ ಹಾಳೆ ಹರಡಿದ. ವಾಪಸು ದಾರಿಗೆ ಎಲ್ಲಿ ಎಲ್ಲಿ ಉಳಿಯುವುದು, ಎಷ್ಟು ರೂಮು ಅಂತ ಲೆಕ್ಕ ಹಾಕತೊಡಗಿದ. ಅವ್ವ ಬರುವುದಾದರೆ ಹೋದ ಸಲದ ಹಾಗೆ ಎರಡು, ಬುಧವಾರದ ಡಾಕ್ಟರ ಬದಲು ನಮ್ಮೂರಿನಲ್ಲೇ ಯಾರಿಗಾದರೂ ತೋರಿಸಬಹುದು ಅಂತ ಹೇಳಿದ. ಇಲಿಮರಿ ತನ್ನ ಸೋದರತ್ತೆಯ ಕುರ್ಚಿಯ ತೋಳಿನ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಕಿಟಕಿ ಪಕ್ಕದ ಸೀಟು ನನಗೆ ಅನ್ನುವ ಹಾಗೆ, ಅಷ್ಟೇ ಹಗುರವಾಗಿ, “ನಾನು ಅಮ್ಮನ ಜೊತೆ” ಅಂದಳು.

ಮಗ ಬರೆದುಕೊಂಡ. ಅಜ್ಜಿ ಬಟ್ಟೆ ಮಡಿಸುತ್ತಿದ್ದಳು, ಮಗಳ ಮನೆಯ ಒಣಗಿದ ಚಾದರಗಳು. ಅಂಚಿಗೆ ಅಂಚು ಕೂಡಿಸಿ, ಕೈಯಿಂದ ನೀವಿ, ನಾನು ಮಳೆಗಾಲದವರೆಗೆ ಇಲ್ಲೇ ಇರುತ್ತೇನೆ ಅಂದಳು. ಮಗಳು ಸಂತೋಷಪಟ್ಟಳು. ಅವ್ವನಿಗೆ ತನ್ನ ಮೇಲೆ ಎಷ್ಟು ಆಸೆ ನೋಡಿ ಅಂತ ತಮ್ಮನಿಗೆ ಹೇಳಿದಳು. ಸೊಸೆ ಅತ್ತೆಯ ಕಡೆ ಒಂದು ಸಲ ನೋಡಿ, ಬಲವಂತ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಕಾರು ತುಂಬಿಸಿದರು. ಇಲಿಮರಿ ಅರೆನಿದ್ದೆಯಲ್ಲಿ ಬಂದು, ಅಮ್ಮ ಹೇಳಿದ್ದಕ್ಕೆ, ಅಜ್ಜಿಯ ಕೆನ್ನೆಗೆ ಮುತ್ತು ಕೊಟ್ಟು, ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಬಿಟ್ಟಳು. ಈಗ ಅಲ್ಲಿ ಜಾಗ ಧಾರಾಳವಿತ್ತು. ಅಜ್ಜಿ ಗೇಟಿನ ತನಕ ಬಂದಳು, ಅಲ್ಲಿಂದ ಮುಂದೆ ಹೋಗಲಿಲ್ಲ. ಮಗ, ಸೊಸೆ, ಮೊಮ್ಮಗಳು, ಮೂವರೇ ಹೊರಟರು. ಅವತ್ತು ಮಂಗಳವಾರ, ಡಾಕ್ಟರಮ್ಮನ ಹತ್ತಿರ ಹೋಗುವುದು ಮಾರನೇ ದಿನ.