ಬರ್ತೀನಿ ಎಂಬುದರ ಸಾರಾಂಶ

ಅಂಬಪ್ಪನ ಕಿವಿ ಹೋದದ್ದು ಒಂದೇ ದಿನದಲ್ಲಲ್ಲ. ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಅರ್ಧ ಆಯುಷ್ಯ ಮಷಿನ್ ಪಕ್ಕ ನಿಂತವನು. ಮಿಲ್ಲು ಭತ್ತದ ಹೊಟ್ಟಿನ ಜೊತೆಗೆ ಅವನ ಕಿವಿಯನ್ನೂ ಸುಲಿದು ಹೊರಗೆ ಹಾಕಿತ್ತು. ಲಿಂಗಸುಗೂರಿನ ಡಾಕ್ಟರು ಕೊಟ್ಟ ಕಿವಿಯ ಮಷಿನ್ನು ಸಿಳ್ಳೆ ಹೊಡೆಯುವುದೊಂದನ್ನು ಬಿಟ್ಟು ಬೇರೆ ಉಪಕಾರ ಮಾಡಲಿಲ್ಲ. ಹತ್ತಿರ ಬಂದು ಒದರಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಫೋನಿನ ದನಿಯಂತೂ ಅವನ ಪಾಲಿಗೆ ಪೂರ್ತಿ ಸತ್ತಿತ್ತು. ಆದರೆ ಮನುಷ್ಯನಿಗೆ ಕಿವಿಗಿಂತ ಮಾನ ದೊಡ್ಡದು ನೋಡಿ. ಯಾರು ಏನೇ ಹೇಳಲಿ, ಅಂಬಪ್ಪ ‘ಹೂಂ’ ಎಂದು ತಲೆಯಾಡಿಸುವುದನ್ನು ರೂಢಿ ಮಾಡಿಕೊಂಡಿದ್ದ.

ಆ ‘ಹೂಂ’ ಅವನ ಸಂಸಾರವನ್ನು ತಿಂದಿತು. ಒಂದು ಸಂಜೆ ಹೆಂಡತಿ ಗಂಗಾ ರೊಟ್ಟಿ ಬಡಿಯುತ್ತ, ಬೆನ್ನು ಮಾಡಿ ಕುಳಿತೇ ಹೇಳಿದಳು: ತವರಲ್ಲಿ ಅವ್ವನಿಗೆ ಜಡ್ಡು ಭಾಳ ಆಗಿದೆಯಂತೆ, ನಾಳೆ ಇಬ್ಬರೂ ಪಾಮನಕಲ್ಲೂರಿಗೆ ಹೋಗೋಣ. ಇವನು ಹೂಂ ಅಂದ. ಬೆಳಿಗ್ಗೆ ಎದ್ದವನೇ ಮಿಲ್ಲಿಗೆ ಹೋದ. ಗಂಗಾ ಬುತ್ತಿ ಕಟ್ಟಿಕೊಂಡು ಹೊತ್ತೇರುವ ತನಕ ಹೊಸ್ತಿಲಲ್ಲಿ ಕಾದು, ಕೊನೆಗೆ ಒಬ್ಬಳೇ ಬಸ್ಸು ಹತ್ತಿದಳು. ಅವಳು ಮುಟ್ಟುವಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು. ಮಣ್ಣು ಕೊಡಲು ಬಂದ ಗಂಡನ ಕಿವಿಗೇ ಬಾಯಿಟ್ಟು ಅವಳು ಹೇಳಿದ ಮಾತು ಮಾತ್ರ ಅವನಿಗೆ ಸ್ವಚ್ಛವಾಗಿ ಕೇಳಿಸಿತ್ತು.

“ನಿನಗ ಹೇಳೂದಕ್ಕಿಂತ ಗ್ವಾಡಿಗ ಹೇಳೂದು ಚಲೋ. ಗ್ವಾಡಿ ಸುಳ್ಳ ಸುಳ್ಳ ಹೂಂ ಅನ್ನಂಗಿಲ್ಲ.”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರು ಓಣಿಯವರು. ಹೇಳಿದವರೇನೋ ಉಂಡು ಮಲಗಿದರು. ಗಂಗಾ ತಮ್ಮನ ಮನೆಯಲ್ಲೇ ಉಳಿದಳು. ಅಂಬಪ್ಪ ಹಿರಿಯರನ್ನು ಕರೆದುಕೊಂಡು ಹೋದರೆ ಅವಳು ಒಳಗಿನ ಖೋಲಿಯಿಂದ ಹೊರಗೇ ಬರಲಿಲ್ಲ. ಅವಳಿಗೆ ಅಕ್ಷರ ಬಾರದು, ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಬರೆದು ಕಳಿಸುವ ದಾರಿಯೂ ಬಂದ್. ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿದ್ದ ಜಾಹೀದ್ ಕೆಲವು ಸಲ ನಡುವೆ ನಿಂತು, ಅವಳ ಮಾತು ಕೇಳಿಸಿಕೊಂಡು ಇವನ ಕಿವಿಗೆ ಒದರಿದ. ಮೂರನೆಯವರ ಕಿವಿಗೆ ಹಾಕುವ ಮಾತು ತನ್ನ ಹತ್ತಿರ ಇಲ್ಲ ಎಂದು ಗಂಗಾ ಅದನ್ನೂ ನಿಲ್ಲಿಸಿದಳು. ಅದರಲ್ಲಿ ತಪ್ಪೇನಿದೆ? ಗಂಡನಿಗೆ ಹೇಳುವುದನ್ನು ಇಡೀ ಬಸ್‌ಸ್ಟ್ಯಾಂಡ್ ಕೇಳಬೇಕೇ?

ಮನೆ ಅಂದರೆ ಅಂಬಪ್ಪನಿಗೆ ಹೆದರಿಕೆ ಬರತೊಡಗಿತು. ಕಿವುಡನಿಗೆ ಮೌನ ಹೊಸದಲ್ಲ. ಆದರೂ ಎದುರಿಗೊಬ್ಬರ ತುಟಿ ಅಲ್ಲಾಡದ ಮನೆಯ ಮೌನವೇ ಬೇರೆ.

ಆಗ ಜಾಹೀದ್ ಒಂದು ಹೊಸ ಫೋನ್ ತೋರಿಸಿದ. ಅದರೊಳಗಿನ ಎಐ ಆ ಕಡೆಯವರ ಮಾತನ್ನು ಕನ್ನಡದಲ್ಲಿ ಬರೆದು ತೋರಿಸುತ್ತದೆಯಂತೆ. ಅಂಬಪ್ಪ ಹಿಂದೆ ಮುಂದೆ ನೋಡದೆ ಕೊಂಡ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಹಾಗೆ, ಚಾಲೂ ಮಾಡಿ ನೋಡಿದರೆ ತೆರೆಯ ಮೇಲೆ ಬೇರೆಯೇ ಬಂತು: ‘ಪೂರ್ಣ ಮಾತು ಸದ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ. ಸಾರಾಂಶ ಮಾತ್ರ ಲಭ್ಯ.’

ಜಾಹೀದ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ಕಿವಿಯ ಹತ್ತಿರ ಬಾಗಿ ವಿವರಿಸಿದ.

“ಅಣ್ಣಾ, ಆಕಿ ಮಾತು ಆಕಿ ಮಾಲು. ಆಕಿ ಇಜಾಜತ್, ಒಪ್ಪಿಗಿ ಇಲ್ದ ಪೂರಾ ಬರಕೊಂಡ್ರ ಕಾಯ್ದೆಕ್ಕ ಸಿಗತೀವಿ ಅಂತ ಕಂಪನಿಗೆ ಅಂಜಿಕಿ.”

ಇನ್ನೊಂದು ತಕರಾರೂ ಇತ್ತು. ಈ ಸವಲತ್ತು ಆ ಕಂಪನಿ ತನ್ನ ಫೋನಿಗೆ ಮಾತ್ರ ಇಟ್ಟುಕೊಂಡಿತ್ತು. ಪೈಪೋಟಿಯ ಕಾಯ್ದೆ ನೋಡಿದರೆ ಬೇರೆ ಕಂಪನಿಗಳಿಗೂ ಬಾಗಿಲು ತೆರೆಯಬೇಕಾದೀತು. ಅದಕ್ಕಿಂತ ಸದ್ಯಕ್ಕೆ ಯಾರಿಗೂ ಬೇಡ ಎಂದು ಕಂಪನಿ ಕೈಕಟ್ಟಿ ಕುಳಿತಿದೆ ಅಂತ ಜಾಹೀದ್ ಎಲ್ಲೋ ಓದಿದ್ದ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ನಿಂತವನು ಅಂಬಪ್ಪ. ಅವನಿಗೆ ಬೇಕಾದದ್ದು ಒಂದೇ ಸಂಗತಿ: ಗಂಗಾ ಬರುತ್ತಾಳೋ ಇಲ್ಲವೋ.

ಸಾರಾಂಶವಾದರೂ ಸಿಕ್ಕೀತು ಎಂದು ಅವನು ಫೋನ್ ಮಾಡಿದ. ತಪ್ಪಾಯಿತು ಎಂದ, ಮನೆಗೆ ಬಾ ಎಂದ, ಆಮೇಲೆ ಅವಳು ಮಾತಾಡಲೆಂದು ಸುಮ್ಮನೆ ಹಿಡಿದು ಕುಳಿತ. ಕರೆ ಕಡಿದ ಮೇಲೆ ತೆರೆಯ ಮೇಲೆ ಮೂರು ಸಾಲು ಮೂಡಿದವು: ‘ಗಂಗಾ ಅವರು ಕ್ಷೇಮವಾಗಿದ್ದಾರೆ. ಗುರುವಾರ ತೊಗರಿ ರಾಶಿ ಮುಗಿಯುತ್ತದೆ. ಅವರು ಬರುತ್ತಾರೆ.’

ಆ ಮೂರನೆಯ ಸಾಲನ್ನು ಅಂಬಪ್ಪ ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡ. ಮನೆ ಸಾರಿಸಿದ, ಒಲೆಯ ಬೂದಿ ತೆಗೆದ, ಅವಳ ಕೌದಿಯನ್ನು ಬಿಸಿಲಿಗೆ ಹಾಕಿದ. ಪುಂಡಿಪಲ್ಯ ಮಾಡಿಟ್ಟು, ಶುಕ್ರವಾರ ಮಿಲ್ಲಿಗೆ ರಜೆ ಹೇಳಿ ಬಸ್‌ಸ್ಟ್ಯಾಂಡಿಗೆ ಹೋದ. ಲಿಂಗಸುಗೂರು, ಮಸ್ಕಿ ಕಡೆಯ ಬಸ್ಸು ಬಂದಾಗಲೆಲ್ಲ ಬಾಗಿಲಿಗೆ ಹೋಗಿ ನಿಂತ. ಮೈಕಿನಲ್ಲಿ ಏನು ಹೇಳುತ್ತಿದ್ದರೋ ಅವನಿಗೆ ತಿಳಿಯದು; ಇಳಿಯುವವರ ಮುಖ ಒಂದೊಂದಾಗಿ ನೋಡುವುದೇ ಉಳಿದ ದಾರಿ. ಹೊತ್ತು ಮುಳುಗಿತು. ಬುಟ್ಟಿ ಹೊತ್ತ ಮುದುಕಿಯರು ಇಳಿದರು, ಕಾಲೇಜಿನ ಹುಡುಗಿಯರು ಇಳಿದರು. ಗಂಗಾ ಇಳಿಯಲಿಲ್ಲ.

ಜಾಹೀದ್ ಅವನನ್ನು ಅಂಗಡಿಗೆ ಕರೆದು, ಫೋನ್ ಇಸಿದುಕೊಂಡು ಸಾರಾಂಶ ಓದಿದ. ಮೊದಲು ನಕ್ಕ. ಆಮೇಲೆ ಅವನ ನಗೆ ನಿಂತುಹೋಯಿತು.

“ಅಣ್ಣಾ, ಫೋನ್ ಇಡೂ ಮುಂದ ಅಕ್ಕ ಏನಂತಾಳ?”

“ಬರ್ತೀನಿ ಅಂತಾಳ.”

ಹೇಳಿದ ಮೇಲೆ ಅಂಬಪ್ಪನಿಗೇ ಹೊಳೆಯಿತು. ಈ ಸೀಮೆಯಲ್ಲಿ ಯಾರು ‘ಹೋಗ್ತೀನಿ’ ಎಂದು ಹೇಳಿ ಎದ್ದಾರು? ಎಂದೂ ಮರಳಿ ಬಾರದವರೂ ಬರ್ತೀನಿ ಎಂದೇ ಮೆಟ್ಟಿಲಿಳಿಯುತ್ತಾರೆ. ಅವಳು ಫೋನ್ ಇಡಲು ಆಡಿದ ಮಾತನ್ನು ಎಐ ವಾಗ್ದಾನ ಮಾಡಿ ಕೊಟ್ಟಿತ್ತು. ಪೂರ್ತಿ ಮಾತು ಕಂಡಿದ್ದರೆ ಅಂಬಪ್ಪ ಒಂದೇ ನೋಟಕ್ಕೆ ತಿಳಿಯುತ್ತಿದ್ದ. ಆ ಸಂಜೆ ಅವನು ಪುಂಡಿಪಲ್ಯವನ್ನು ಮುಟ್ಟಲಿಲ್ಲ. ನಾಚಿಕೆಯೂ ಆಯಿತು, ಅಳುವೂ ಬಂತು.

ಬೇಸಿಗೆಯ ಹೊತ್ತಿಗೆ ಕಾಯ್ದೆಗೂ ಕಂಪನಿಗೂ ಏನು ರಾಜಿಯಾಯಿತೋ, ಪೂರ್ಣ ಮಾತಿನ ಅಪ್‌ಡೇಟ್ ಬಂತು. ಕರೆ ಸೇರಿದ ಮೇಲೆ ಫೋನೇ ಆ ಕಡೆಯವರನ್ನು ಕೇಳುತ್ತದೆ: ನಿಮ್ಮ ಮಾತನ್ನು ಇವರಿಗೆ ಬರೆದು ತೋರಿಸಬಹುದೇ? ಒಪ್ಪಿದರಷ್ಟೇ ಅಕ್ಷರ. ಜಾಹೀದ್ ಎಲ್ಲ ಹಚ್ಚಿಕೊಟ್ಟು ಪಕ್ಕದಲ್ಲೇ ನಿಂತ.

“ಗಂಗಾ, ಈ ಫೋನ್ ನಿನ್ನ ಕೇಳ್ತದ. ಒಪ್ಪಿದ್ರ ನಿನ್ನ ಮಾತು ನನಗ ಬರದು ತೋರಸ್ತದ. ಒಲ್ಲೆ ಅನಸಿದ್ರ ಒಲ್ಲೆ ಅನ್ನು.”

ಫೋನು ಅವಳನ್ನು ಕೇಳಿತು. ಆಮೇಲೆ ತೆರೆಯ ಮೇಲೆ ಬಂತು: ‘ಆ ಬದಿಯವರು ಒಪ್ಪಿಗೆ ನೀಡಿಲ್ಲ. ಈ ಕರೆಯ ಮಾತು, ಸಾರಾಂಶ ಎರಡೂ ಲಭ್ಯವಿಲ್ಲ.’

ಅಂಬಪ್ಪ ಅದನ್ನು ಮತ್ತೆ ಓದಿದ. ಮದುವೆಯಾದಾಗಿನಿಂದ ಯಾರೂ ಅವಳನ್ನು ಏನನ್ನೂ ಹೀಗೆ ಕೇಳಿರಲಿಲ್ಲ; ತಾನಂತೂ ಕೇಳಿರಲೇ ಇಲ್ಲ. ಮೊದಲ ಸಲ ಕೇಳಿದ್ದಕ್ಕೆ ಅವಳು ಒಲ್ಲೆ ಎಂದಿದ್ದಳು.

ಆದರೆ ಕರೆ ಕಡಿಯಲಿಲ್ಲ. ತೆರೆಯ ಕೆಳಗೆ, ಆ ಕಡೆಯ ದನಿಗೆ ತಕ್ಕಂತೆ ಏರಿಳಿಯುವ ಹಸಿರು ಗೆರೆ ಅಲ್ಲಾಡತೊಡಗಿತು. ಗಂಗಾ ಮಾತಾಡುತ್ತಿದ್ದಳು. ಗೆರೆ ಏರಿತು, ನಡುಗಿತು, ತುಸು ನಿಂತು ಮತ್ತೆ ಏರಿತು. ಜಾಹೀದ್‌ಗೆ ತಡೆಯಲಾಗಲಿಲ್ಲ.

“ಕೊಡು ಅಣ್ಣಾ, ನಾ ಕೇಳಿ ಹೇಳ್ತೀನಿ. ಬರ್ತಾಳೋ ಇಲ್ಲೋ ಗೊತ್ತಾಗ್ಲಿ.”

ಅಂಬಪ್ಪ ಫೋನನ್ನು ಎದೆಗೆ ಒತ್ತಿಕೊಂಡ.

“ಬ್ಯಾಡ. ಆಕಿ ಒಲ್ಲೆ ಅಂದಾಳ.”

ಅವನು ಅಂಗಡಿಯ ಹಿಂದಿನ ಗೋಡೆಯ ನೆರಳಿಗೆ ಹೋಗಿ ಕುಳಿತು, ಫೋನನ್ನು ಅಂಗೈಯಲ್ಲಿ ಹಿಡಿದು, ಒಮ್ಮೆಯೂ ಹೂಂ ಅನ್ನದೆ ಗೆರೆಯನ್ನೇ ನೋಡಿದ. ಅವಳು ಬೈಯುತ್ತಿದ್ದಳೋ, ಅವ್ವನನ್ನು ನೆನೆದು ಅಳುತ್ತಿದ್ದಳೋ ತಿಳಿಯದು. ಸಂಸಾರ ಹೂಡಿದಾಗಿನಿಂದ ಅವಳು ತನ್ನೆದುರು ಒಮ್ಮೆಗೇ ಇಷ್ಟು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಅದೆಲ್ಲ ಅವಳ ಮಾಲು; ಅದರಲ್ಲಿ ಒಂದು ಮಾತೂ ಅವನಿಗೆ ಸೇರಿದ್ದಾಗಿರಲಿಲ್ಲ.