ಗಾಳಿ ಬಾರದ ಚಳಿಗಾಲ

ಹಡಗು ಹೊರಡಬೇಕೋ ಬೇಡವೋ ಎಂದು ನಮ್ಮ ಬಂದರಿನಲ್ಲಿ ಹೇಳುವವಳು ನಾನು. ಗಾಳಿ ನೋಡಿ ಒಂದು ಚೀಟಿ ಬರೆದರೆ ಮುಗಿಯಿತು, ಕ್ಯಾಪ್ಟನ್ ಕೂಡ ತುಟಿಪಿಟಕ್ಕೆನ್ನುವಂತಿಲ್ಲ. ಹಮಾಲರು ನನ್ನನ್ನು ಗಾಳಿಯಮ್ಮ ಎನ್ನುತ್ತಾರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ, ಪಾಪ.

ಈ ದಡಕ್ಕೂ ಆಚೆ ದಡಕ್ಕೂ ಜನರನ್ನು ಸಾಗಿಸುವ ಹಡಗಿನಲ್ಲಿ ನನ್ನ ತಮ್ಮ ಮೆಕ್ಯಾನಿಕ್. ದಡ ಮುಟ್ಟಿದ ನಲವತ್ತು ನಿಮಿಷಕ್ಕೆ ಹಡಗು ಮತ್ತೆ ಹೊರಡುತ್ತದೆ. ಅಷ್ಟರಲ್ಲಿ ಅವನಿಗೆ ಕೈಯ ಎಣ್ಣೆ ತೊಳೆಯಲೂ ಪುರುಸೊತ್ತಿಲ್ಲ. ರಜೆ ಸಿಕ್ಕರೆ ಆಚೆ ದಡದಲ್ಲಿ ಹೆಂಡತಿ ಮಕ್ಕಳಿದ್ದಾರೆ. ಬಿರುಗಾಳಿಗೆ ಹಡಗು ಇಲ್ಲಿ ನಿಂತರೆ ಮಾತ್ರ ನನ್ನ ಮನೆಗೆ ಬರುತ್ತಾನೆ. ಮೊದಲೆಲ್ಲ ಚಳಿಗಾಲಕ್ಕೆ ಏಳೆಂಟು ಸಲ ಬಂದು ಎರಡೆರಡು ದಿನ ಇರುತ್ತಿದ್ದ. ನನಗಿದ್ದ ಸಂಸಾರ ಅಷ್ಟೇ.

ಬೆಚ್ಚಗಿನ ಗಾಳಿಗೂ ತಣ್ಣಗಿನ ಗಾಳಿಗೂ ತಿಕ್ಕಾಟ ಹತ್ತುವಲ್ಲಿ ಈ ಬಿರುಗಾಳಿಗಳು ಹುಟ್ಟುತ್ತವೆ. ಭೂಮಿ ಕಾದಂತೆಲ್ಲ ಅವುಗಳ ದಾರಿ ಧ್ರುವದ ಕಡೆಗೆ ಸರಿಯಬಹುದು ಎಂದು ಮೇಲಿನ ಕಚೇರಿಯವರು ಹೇಳುತ್ತಲೇ ಇದ್ದರು. ಎಲ್ಲ ಕಡೆಯೂ ಹೀಗೇ ಎಂದು ಅವರೂ ಆಣೆ ಇಡುವುದಿಲ್ಲ. ನಮ್ಮಲ್ಲಂತೂ ಏಳಿದ್ದದ್ದು ನಾಲ್ಕಾಗಿ, ಎರಡಾಗಿ, ಈ ವರ್ಷ ಒಂದೂ ಬರಲಿಲ್ಲ. ಊರಿಗೆಲ್ಲ ಖುಷಿ, ನನಗೊಬ್ಬಳಿಗೆ ಸಂಕಟ.

ಕಳೆದ ಮಂಗಳವಾರ ಒಂದು ಇತ್ತ ಬರುವ ಹಾಗೆ ಕಂಡಿತು. ಬೆಳಗಾಗುವಷ್ಟರಲ್ಲಿ ಅದೂ ಉತ್ತರಕ್ಕೆ ಹೊರಳಿತು. ನಕಾಶೆಯಲ್ಲಿ ಕಣ್ಣಾರೆ ಕಂಡೆ. ಆದರೂ ಬಂದರು ಮುಚ್ಚಿ ಎಂದು ಬರೆದುಬಿಟ್ಟೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ಅದೇ ನನ್ನ ಮೊದಲ ಸುಳ್ಳು.

ಹತ್ತು ಗಂಟೆಗೆ ತಮ್ಮ ಬಂದ. ಕಚೇರಿಯ ಹಿಂದೆಯೇ ನನ್ನ ಮನೆ. ಊಟದ ಮೇಜಿನ ಮುಂದೆ ಕೂತು ಕಿಟಕಿಯಾಚೆ ನೋಡಿದ. ತಂತಿಯ ಮೇಲಿನ ಬಟ್ಟೆ ಅಲುಗುತ್ತಿರಲಿಲ್ಲ.

"ನಿಂಗೊಂದು ಮಾತು ಹೇಳ್ಬೇಕಿತ್ತು ಅಕ್ಕ. ಗಾಳಿ ಬರ್ಲಿ, ಎದುರಿಗೆ ಕೂತು ಹೇಳೋಣ ಅಂತ ಕಾಯ್ತಿದ್ದೆ."

"ಹೇಳು."

"ಉತ್ತರದ ಬಂದರಿಗೆ ವರ್ಗ ಆಗಿದೆ. ಅಲ್ಲೀಗ ಬಿರುಗಾಳಿ ಜಾಸ್ತಿಯಂತೆ, ಪಳಗಿದ ಕೈ ಬೇಕಂತೆ. ಎಲ್ರನ್ನೂ ಕರ್ಕೊಂಡು ಹೋಗ್ತಿದೀನಿ. ಇದೇ ಕೊನೇ ವಾರ."

"ಅಲ್ಲಿ ಹಡಗು ನಿಂತ್ರೆ ಎಲ್ಲಿರ್ತೀಯ?"

"ಮನೇಲೇ."

ಬಡಿಸುವ ನೆಪದಲ್ಲಿ ಎದ್ದು ನಿಂತೆ. ಅವನು ತಟ್ಟೆ ನೋಡುತ್ತಲೇ ಹೇಳಿದ: "ಆಚೆ ದಡದ ಆಸ್ಪತ್ರೆಗೆ ಹೋಗೋರು ಇಬ್ಬರು ಬಂದರಲ್ಲಿ ಕಾಯ್ತಿದಾರೆ ಅಕ್ಕ. ಗಾಳಿ ಇಳಿದಿದೆ ಅಂತ ಬರಿ."

ಬರಲೇ ಇಲ್ಲ ಎನ್ನದೆ, ಇಳಿದಿದೆ ಎಂದು ನನ್ನ ಮಾನ ಉಳಿಸಿದ. ಅವನನ್ನು ಕರೆಸಿಕೊಂಡ ಕೈಯಿಂದಲೇ ಅವನನ್ನು ಕಳಿಸುವ ಚೀಟಿಯನ್ನೂ ಬರೆದೆ. ಅವನೇ ಅದನ್ನು ಜೇಬಿಗಿಟ್ಟುಕೊಂಡು ಹೊರಟ.