ಜ್ವರಕ್ಕೆ ಕಾದ ಬೊಮ್ಮಲಿಂಗಪ್ಪನವರು

ಬೊಮ್ಮಲಿಂಗಪ್ಪನವರು ಕೈಬೀಸಿ ನಡೆದದ್ದನ್ನು ಚಳ್ಳಕೆರೆಯಲ್ಲಿ ಕಂಡವರಿಲ್ಲ. ಬರಿಗೈಯಲ್ಲಿ ಹೊರಟಾಗಲೂ ಮೊಣಕೈಗಳನ್ನು ಪಕ್ಕೆಗೊತ್ತಿಕೊಂಡು, ತುಂಬಿದ ಕೊಡ ಹೊತ್ತವರ ಹಾಗೆ, ಮೊದಲು ಹೆಜ್ಜೆಯನ್ನಿಟ್ಟು ಆಮೇಲೆ ಮೈಭಾರವನ್ನು ಮೆಲ್ಲಗೆ ಅದರ ಮೇಲೆ ಇಳಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಜನರ ರಕ್ತವನ್ನು ಗಾಜಿನ ನಳಿಕೆಗಳಲ್ಲಿಟ್ಟುಕೊಂಡು ಓಡಾಡಿದ ಲ್ಯಾಬ್ ಟೆಕ್ನಿಷಿಯನ್‌ಗೆ ಬೇರೆ ನಡಿಗೆ ಬರುವುದಾದರೂ ಹೇಗೆ? ಏಪ್ರಿಲ್‌ನ ರಣಬಿಸಿಲಿನಲ್ಲೂ ಮೈಮೇಲೊಂದು ಕಂದು ಕೋಟು. ಅದರೊಳಗೆ ನಳಿಕೆಗಳಿಗೆಂದು ಹೆಂಡತಿ ಹೊಲಿದುಕೊಟ್ಟ ನಾಲ್ಕು ಕಿರಿದಾದ ಜೇಬುಗಳು. ಹೆಗಲಿಗೊಂದು ಐಸ್‌ಕ್ಯಾಂಡಿ ಅಂಗಡಿಯ ಮಂಜುಗಡ್ಡೆ ತುಂಬಿದ ಫ್ಲಾಸ್ಕು.

ರಿಪೋರ್ಟು ಕೊಡುವಾಗ ‘ನಾರ್ಮಲ್ ಐತೆ’ ಎಂದಷ್ಟೇ ಹೇಳಿ ಮುಗಿಸುತ್ತಿರಲಿಲ್ಲ. “ಈ ಹೊತ್ತಿಗೆ ನಾರ್ಮಲ್ ಐತೆ” ಎನ್ನುತ್ತಿದ್ದರು. “ನಾಳೆ ಹೊತ್ತಿಗೆ ಏನಾಗ್ತದೆ, ಅದನ್ನೂ ಬರ್ಕೊಡ್ರಿ” ಎಂದು ಜನ ಕಾಲೆಳೆಯುತ್ತಿದ್ದರು. ಅವರು ನಗುತ್ತಿರಲಿಲ್ಲ. ಆ ‘ಈ ಹೊತ್ತಿಗೆ’ ಎಂಬುದು ಅವರ ನಾಲಿಗೆಗೆ ಅಂಟಿಕೊಂಡದ್ದು ಮೊಳಕಾಲ್ಮೂರಿನ ರೇಷ್ಮೆ ನೇಕಾರ ರಂಗಯ್ಯ ತನ್ನ ಒಂಬತ್ತು ವರ್ಷದ ಮಗಳು ಶ್ರೀವಾಣಿಯನ್ನು ಕರೆತಂದ ದಿನ.

“ನಮ್ಮ ತಂಗಿಗೂ ನೀವೇ ನಾರ್ಮಲ್ ಅಂತ ಬರೆದಿದ್ರಿ ಸಾರ್” ಎಂದಿದ್ದ ರಂಗಯ್ಯ. ಆಕ್ಷೇಪಣೆಯ ಸುಳಿವೂ ಇಲ್ಲದ ದನಿ. ಆ ತಂಗಿಗೆ ತಿಂಗಳಿಗೊಮ್ಮೆ ಜ್ವರ, ಎದೆನೋವು ಬಂದು, ಮೂರೇ ದಿನ ಕಾಡಿ ತಾನಾಗಿ ಹೋಗುತ್ತಿತ್ತು. ಅವರ ಮನೆಯಲ್ಲೊಂದು ಕಟ್ಟಳೆ: ಮೈ ಸುಡುವಾಗ ಸೂಜಿ ತಾಗಿಸಬಾರದು, ಹೊಸಿಲು ದಾಟಿಸಬಾರದು; ನಾಲ್ಕನೆಯ ದಿನ ಬೇವಿನ ನೀರಿನ ಸ್ನಾನವಾದ ಮೇಲೆಯೇ ಆಸ್ಪತ್ರೆಯ ಮಾತು. ಹೀಗಾಗಿ ಬೊಮ್ಮಲಿಂಗಪ್ಪನವರ ಕೈಗೆ ನಾಲ್ಕು ಸಲವೂ ಬಂದದ್ದು ಜ್ವರವಿಳಿದ ರಕ್ತ. ನಾಲ್ಕು ಸಲವೂ ಅವರು ಸರಿಯಾಗಿಯೇ ಪರೀಕ್ಷಿಸಿ, ನಾರ್ಮಲ್ ಎಂದು ಬರೆದು, ಸಹಿ ಹಾಕಿದ್ದರು. ಕೊನೆಗೆ ಅವಳ ಕಾಲು ಬಾತು, ಮೂತ್ರಪಿಂಡ ಕೆಟ್ಟು, ಹೋಗಿಬಿಟ್ಟಳು.

ಈಗ ಮಗಳಿಗೂ ಅದೇ ಮೂರು ದಿನದ ಜ್ವರ. ಒಬ್ಬ ವೈದ್ಯರು ಕ್ಷಯವೆಂದು ತೀರ್ಮಾನಿಸಿ, ಬರುವ ಒಂದನೇ ತಾರೀಖಿನಿಂದ ಒಂಬತ್ತು ತಿಂಗಳ ಮಾತ್ರೆ ಶುರುಮಾಡುವುದೆಂದಿದ್ದರು. ವಾರಕ್ಕೊಮ್ಮೆ ಚಳ್ಳಕೆರೆಗೆ ಬರುತ್ತಿದ್ದ ಇನ್ನೊಬ್ಬ ವೈದ್ಯರಿಗೆ ಅನುಮಾನ: ರಂಗಯ್ಯನಿಗೂ ಚಿಕ್ಕಂದಿನಿಂದ ಇಂಥದೇ ಜ್ವರ ಬರುತ್ತದೆಯಲ್ಲ, ಇದು ವಂಶದಲ್ಲೇ ಹರಿದು ಬಂದ ಉರಿಯೂತವಿರಬಾರದೇಕೆ? “ಎಡಿಎ ಅಂತ ಒಂದು ಕಿಣ್ವ ಐತಲ್ಲ, ಅದು ಜ್ವರದ ದಿನ ಏರಿ, ನಾಲ್ಕನೇ ದಿನಕ್ಕೆ ಔಷಧಿಯಿಲ್ಲದೆ ಇಳಿದರೆ ಕ್ಷಯದ ಮಾತು ಬಿಡಬಹುದು; ಕ್ಷಯವಾದರೆ ಅದು ಹಾಗೆ ತಾನಾಗಿ ಇಳಿಯೋದಿಲ್ಲ. ಆದರೆ ನನಗೆ ಜ್ವರದ ದಿನದ ರಕ್ತ ಬೇಕು” ಎಂದರು. ಕ್ಷಯದ ಹಾದಿ ಹಿಡಿದರೆ ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಮಗುವಿನ ಮೂತ್ರಪಿಂಡವೂ ಅತ್ತೆಯ ದಾರಿ ಹಿಡಿಯಬಹುದೆಂಬುದೇ ಭಯ.

ಆ ವಾರವೇ ಮಗುವಿಗೆ ಜ್ವರ ಬಂತು; ಬೊಮ್ಮಲಿಂಗಪ್ಪನವರು ತಾವೇ ಮೊಳಕಾಲ್ಮೂರಿನ ಬಸ್ಸು ಹತ್ತಿದರು. ರಂಗಯ್ಯನ ತಾಯಿ, ತೆಲುಗು ಬೆರೆಸಿ ಮಾತಾಡುವ ದ್ಯಾಮಮ್ಮ, ಬಾಗಿಲಲ್ಲೇ ತಡೆದಳು. “ವದ್ದು ಸಾರ್, ಬ್ಯಾಡ, ಮೈ ಸುಡುವಾಗ ಸೂಜಿ ವದ್ದು.”

“ಎಳೆ ಹರಿದ್ರೆ ಸೀರೆ ಮಗ್ಗದ ಮೇಲಿದ್ದಾಗ ಹುಡುಕ್ತೀರೋ, ಮಡಚಿಟ್ಟ ಮೇಲೆ ಹುಡುಕ್ತೀರೋ?”

ಮುದುಕಿ ಒಳಗೆ ಹೋಗಿ ಮಗುವಿನ ಕಾಲ ಬಳಿ ಕೂತು, ಗೋಡೆಯ ಕಡೆ ತಿರುಗಿ, “ತೀಸ್ಕೋಂಡಿ” ಎಂದಳು. ತೆಗೆದುಕೊಳ್ಳಿ ಎಂದು ಬಾಯಿ ಹೇಳಿದರೂ ಕೈ ಮಾತ್ರ ಮಗುವಿನ ಪಾದವನ್ನು ಬಿಟ್ಟಿರಲಿಲ್ಲ.

ಮರಳುವಾಗ ಅವರು ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಗುಂಡಿಗಳ ಹೊಡೆತವನ್ನೆಲ್ಲ ತಮ್ಮ ಮೊಣಕಾಲಿಗೇ ತಗಲಿಸಿಕೊಳ್ಳುತ್ತ, ಫ್ಲಾಸ್ಕನ್ನು ಎದೆಗವಚಿ ದಾರಿಯುದ್ದಕ್ಕೂ ನಿಂತರು. ಆದರೂ ಲ್ಯಾಬಿನಲ್ಲಿ ತೆಗೆದು ನೋಡಿದರೆ ರಕ್ತದ ತಿಳಿ ನಸುಗೆಂಪು. ಕುಲುಕಾಟಕ್ಕೆ ಕೆಂಪುಕಣಗಳು ಒಡೆದರೆ ಅವುಗಳೊಳಗಿನ ಕಿಣ್ವವೂ ಸೋರಿ ಲೆಕ್ಕಕ್ಕೆ ಸೇರುತ್ತದೆ. ಪರೀಕ್ಷಿಸಿದಾಗ ಅಂಕಿ ವೈದ್ಯರು ಬಯಸಿದ್ದಕ್ಕಿಂತ ಮೇಲೇ ಇತ್ತು. ಬರೆದುಕೊಟ್ಟಿದ್ದರೆ ಕೇಳುವವರಿರಲಿಲ್ಲ. ಬೊಮ್ಮಲಿಂಗಪ್ಪನವರು ಅರ್ಧ ಗಂಟೆ ಆ ನಳಿಕೆಯನ್ನು ಬೆಳಕಿಗೆ ಹಿಡಿದು ಕೂತರು, ಆಮೇಲೆ ಚೆಲ್ಲಿದರು.

ಇನ್ನುಳಿದದ್ದು ಒಂದೇ: ಮತ್ತೊಮ್ಮೆ ಜ್ವರ ಬರಬೇಕು, ಒಂದನೇ ತಾರೀಖಿನೊಳಗೇ ಬರಬೇಕು. ಕಾಯುತ್ತಿರುವುದು ಒಂದು ಮಗುವಿನ ಜ್ವರಕ್ಕೆ. ಹತ್ತು ದಿನ, ಹದಿನೈದು ದಿನ; ಫೋನು ಗಣಗಣಿಸಿದರೆ ಮೊದಲು ಏಳುವವರು ಅವರೇ. ದೇವರ ಪಟಕ್ಕೆ ಕೈಮುಗಿದವರು ಏನು ಕೇಳಲಿ ಎಂದು ತಿಳಿಯದೆ ಕೈ ಇಳಿಸಿದರು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ರಂಗಯ್ಯ: “ಸಾರ್, ಪಾಪೂಗೆ ಮತ್ತೆ ಮೈ ಸುಡ್ತಾ ಐತೆ.”

“ಸದ್ಯ, ಬಂತಲ್ಲ!”

ಬಾಯಿಂದ ಜಾರಿಬಿಟ್ಟಿತ್ತು. ಬೊಮ್ಮಲಿಂಗಪ್ಪನವರ ಕಿವಿ ಬಿಸಿಯಾಯಿತು. ರಂಗಯ್ಯ, “ಬೇಗ ಬರ್ರಿ ಸಾರ್” ಎಂದ.

ಈ ಸಲ ಅವರು ಅಟ್ಟದ ಮೇಲಿದ್ದ ಹಳೆಯ ಯಂತ್ರವನ್ನು ಹೊತ್ತೊಯ್ದರು. ಕರೆಂಟಿಲ್ಲದ ಕಾಲದ್ದು, ಹಿಡಿ ತಿರುಗಿಸಿದರೆ ನಳಿಕೆಗಳು ಗಿರಗಿರನೆ ಸುತ್ತಿ, ಕಣಗಳು ತಳಕ್ಕಿಳಿದು, ತಿಳಿ ಮೇಲೆ ನಿಲ್ಲುತ್ತದೆ. ತಿಳಿಯನ್ನು ಅಲ್ಲೇ ಬೇರೆ ಮಾಡಿಕೊಂಡರೆ ಆಮೇಲೆ ರಸ್ತೆ ಎಷ್ಟು ಕುಲುಕಿದರೇನು? ಯಂತ್ರವನ್ನು ರಂಗಯ್ಯನ ಮನೆಯ ಮಗ್ಗದ ಕಂಬದ ಪಕ್ಕದ ಹಲಗೆಗೆ ಬಿಗಿದರು.

“ಹೋದ ಸಲದ್ದು ಏನಾಯ್ತು?” ಎಂದಳು ದ್ಯಾಮಮ್ಮ.

“ನಾನೇ ಕೆಡಿಸ್ದೆ ಕಣಮ್ಮ. ದಾರೀಲಿ ಕುಲುಕ್ತು. ಚೆಲ್ದೆ.”

“ಮಗೂನ ರಕ್ತ ಚೆಲ್ಲಿದ್ರಾ?”

ಅವರು ಸೂಜಿ ಕೈಗೆತ್ತಿಕೊಂಡರು. ರಕ್ತ ತೆಗೆದು, ಅದು ಹೆಪ್ಪುಗಟ್ಟುವ ತನಕ ಕಾದು, ನಳಿಕೆಯನ್ನಿಟ್ಟು ಹಿಡಿಗೆ ಕೈ ಹಾಕಿದರೆ ಹದ ಸಿಗದು. ತಿರುಗಣೆ ತಡೆತಡೆದು ಎಗರಿತು. ದ್ಯಾಮಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಜರಗಂಡಿ, ಆಚೆ ಸರೀರಿ. ನಲವತ್ತು ವರ್ಷ ರಾಟೆ ತಿರುಗ್ಸಿದೀನಿ ನಾನು.” ಸೂಜಿ ಬೇಡವೆಂದು ಬಾಗಿಲಿಗೆ ಅಡ್ಡ ನಿಂತವಳೇ ಮೊಮ್ಮಗಳ ರಕ್ತವನ್ನು ಹತ್ತು ನಿಮಿಷ, ಎಳೆ ಹರಿಯದಂತೆ ನೂಲು ಸುತ್ತುವ ಅದೇ ಹದದಲ್ಲಿ ತಿರುಗಿಸಿದಳು. ತಿಳಿ ಒಣಹುಲ್ಲಿನ ಬಣ್ಣಕ್ಕೆ ಬಂತು. ಬೊಮ್ಮಲಿಂಗಪ್ಪನವರ ಕಣ್ಣು ತುಂಬಿತು.

ಜ್ವರದ ದಿನದ ಅಂಕಿ ನಾಲ್ಕನೆಯ ದಿನ ಮತ್ತೆ ಹೋಗಿ ತೆಗೆದ ರಕ್ತದ್ದರ ಎರಡರಷ್ಟಿತ್ತು. ಕ್ಷಯದ ಮಾತ್ರೆ ಶುರುವಾಗುವ ಮೊದಲೇ ತಪ್ಪಿತು. ಅಪ್ಪನಿಗೂ ಮಗಳಿಗೂ ಆ ಉರಿಯೂತಕ್ಕೆ ದಿನಕ್ಕೊಂದು ಸಣ್ಣ ಮಾತ್ರೆ ಶುರುವಾಯಿತು. ಆರು ತಿಂಗಳ ಮೇಲೆ ಶ್ರೀವಾಣಿಯ ಮೂತ್ರ ಪರೀಕ್ಷಿಸಿ, “ಈ ಹೊತ್ತಿಗೆ ನಾರ್ಮಲ್ ಐತೆ” ಎಂದಾಗ ದ್ಯಾಮಮ್ಮ ಕಾಲೆಳೆಯಲಿಲ್ಲ. “ಮತ್ತೆ ಯಾವಾಗ ಬರ್ಬೇಕು?” ಎಂದಷ್ಟೇ ಕೇಳಿದಳು.

ಧೈರ್ಯವಂತರನ್ನು ಹೊಗಳುವುದು ನಮಗೆ ರೂಢಿ. ಬೊಮ್ಮಲಿಂಗಪ್ಪನವರಂಥ ಅಂಜುಬುರುಕರನ್ನು ಗೇಲಿ ಮಾಡಿ ಮುಂದೆ ಹೋಗುತ್ತೇವೆ. ತಾವು ಹಾಕಿದ ಒಂದು ಸಹಿ ಯಾರದೋ ಮನೆಯಲ್ಲಿ ಏನು ಮಾಡೀತೆಂದು ಜೀವನವಿಡೀ ನಡುಗುವ ಇಂಥವರು ನೆಮ್ಮದಿಯಿಂದ ಮಲಗುವುದು ಕಡಿಮೆ. ಅವರ ಪಾಲಿನ ನಿದ್ದೆಯನ್ನು ಎಲ್ಲೋ ಒಂದು ಮಗು ಮಾಡುತ್ತಿರುತ್ತದೆ.